ಮೇಲ್ಮನೆಯ ಕಚೇರಿ ಸೇರಿದ ಕೂಸಿಗೆ

ಕೂಸೇ, ವಿಧಾನ ಪರಿಷತ್ ಸದಸ್ಯರೊಬ್ಬರ ಕಚೇರಿಯಲ್ಲಿ ನೀನು ಕೆಲಸಕ್ಕೆ ಸೇರಿದ ಸುದ್ದಿ ನಂಜನಗೂಡಿನ ನಮ್ಮ ಬೀದಿಗೆಲ್ಲ ಮುಟ್ಟಿದೆ. ಆಗಲೇ ಮನೆ ಬಾಗಿಲಿಗೆ ಅರ್ಜಿ ಹಿಡಿದವರು ಬರತೊಡಗಿದ್ದಾರೆ ಅಂತ ನಿಮ್ಮಮ್ಮ ಹೇಳಿದರು. ಒಬ್ಬರಿಗೆ ವರ್ಗಾವಣೆ ಬೇಕು, ಒಬ್ಬರಿಗೆ ನಿವೇಶನ, ಇನ್ನೊಬ್ಬರಿಗೆ ಮಗನ ಕಾಲೇಜು ಸೀಟು. ಅವರನ್ನು ಬರಬೇಡಿ ಅನ್ನಬೇಡ. ಕಷ್ಟದಲ್ಲಿರುವವರು ಗೊತ್ತಿದ್ದ ಬಾಗಿಲು ತಟ್ಟದೆ ಇನ್ನೆಲ್ಲಿಗೆ ಹೋದಾರು? ಆದರೆ ನಿನ್ನ ಸಾಹೇಬರ ಆರು ವರ್ಷ ಶಿಫಾರಸು ಪತ್ರಗಳಲ್ಲೇ ಕರಗಿಹೋಗದ ಹಾಗೆ ನೋಡಿಕೋ. ಪತ್ರವನ್ನು ಯಾರು ಬೇಕಾದರೂ ಬರೆದುಕೊಡುತ್ತಾರೆ. ಸದನದಲ್ಲಿ ಎದ್ದು ನಿಂತು, ಮಂತ್ರಿಯ ಬಾಯಿಂದ ಉತ್ತರ ಹೊರಡಿಸಿ, ಅದನ್ನು ಕಡತಕ್ಕೆ ಸೇರಿಸುವ ಹಕ್ಕು ಮೇಲ್ಮನೆಯಲ್ಲಿ ಇರುವುದು 75 ಜನಕ್ಕೆ ಮಾತ್ರ.

ನಾನು ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದವನು, ಶಿಕ್ಷಕರ ಕ್ಷೇತ್ರದ ಮತದಾರನೂ ಆಗಿದ್ದೆ. ಮತ ಕೇಳಲು ಬಂದು ಕೈಮುಗಿದು ಹೋದವರನ್ನು ಬಹಳ ಕಂಡಿದ್ದೇನೆ. ಗೆದ್ದವರು ಸದನದಲ್ಲಿ ಕೇಳಿದ ಪ್ರಶ್ನೆಗಳನ್ನು ಹುಡುಕಿ ಓದುವುದು ನನ್ನ ರೂಢಿ. ಯಾರು ಕೆಲಸ ಮಾಡಿದರು, ಯಾರು ಬರೀ ಹಾಜರಿ ಹಾಕಿ ಬಂದರು ಅನ್ನುವುದು ಅಲ್ಲಿ ಕಾಣುತ್ತದೆ, ಫ್ಲೆಕ್ಸ್‌ಗಳಲ್ಲಿ ಕಾಣುವುದಿಲ್ಲ. ಆ ಓದಿನಿಂದ ತಿಳಿದದ್ದನ್ನು ನಿನಗೆ ಹೇಳಬೇಕು ಅನ್ನಿಸಿತು.

ನಿನ್ನ ಸಾಹೇಬರ ಹೆಸರು ಇಲ್ಲಿ ಬೇಡ. ನಂಜನಗೂಡು, ತಿ. ನರಸೀಪುರ ಈ ನಮ್ಮ ಎರಡು ತಾಲ್ಲೂಕಿನ ಪರವಾಗಿ ಮಾತಾಡಬೇಕಾದವರು ಮೇಲ್ಮನೆಯಲ್ಲಿ ಒಬ್ಬರಲ್ಲ. ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳಿಂದ 2021ರ ಡಿಸೆಂಬರಿನಲ್ಲಿ ಡಾ. ಡಿ. ತಿಮ್ಮಯ್ಯ, ಸಿ.ಎನ್. ಮಂಜೇಗೌಡ ಆರಿಸಿ ಬಂದರು. ದಕ್ಷಿಣ ಪದವೀಧರ ಕ್ಷೇತ್ರದಿಂದ 2022ರಲ್ಲಿ ಮಧು ಮಾದೇಗೌಡ, ದಕ್ಷಿಣ ಶಿಕ್ಷಕರ ಕ್ಷೇತ್ರದಿಂದ 2024ರಲ್ಲಿ ಕೆ. ವಿವೇಕಾನಂದ ಗೆದ್ದರು. ವರುಣದ ಶಾಸಕರಾಗಿದ್ದ ಡಾ. ಯತೀಂದ್ರ ಸಿದ್ದರಾಮಯ್ಯ 2024ರಲ್ಲಿ ವಿಧಾನಸಭೆ ಸದಸ್ಯರ ಕ್ಷೇತ್ರದಿಂದ ಅವಿರೋಧವಾಗಿ ಪರಿಷತ್ತಿಗೆ ಹೋದರು. ಇಷ್ಟು ಜನರಿದ್ದೂ ನಮ್ಮ ಹಳ್ಳಿಗಳಲ್ಲಿ 'ನಿಮ್ಮ ಎಂಎಲ್‌ಸಿ ಯಾರು' ಅಂತ ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಎಂಎಲ್‌ಎ ಗೊತ್ತು, ಎಂಪಿ ಗೊತ್ತು. ಪರಿಷತ್ತಿನವರು ಊರಿಗೆ ಕಾಣುವುದೇ ಕಡಿಮೆ.

ಹಾಗಂತ ಅವರು ಎಂಎಲ್‌ಎ ಮಾಡುವ ಕೆಲಸವನ್ನೇ ಮತ್ತೆ ಮಾಡಲು ಹೋಗಬಾರದು. ನಂಜನಗೂಡು ಒಂದು ವಿಧಾನಸಭಾ ಕ್ಷೇತ್ರ, ತಿ. ನರಸೀಪುರ ಇನ್ನೊಂದು. ವರುಣ ಎರಡೂ ತಾಲ್ಲೂಕಿನ ಹಳ್ಳಿಗಳನ್ನು ಸೇರಿಸಿಕೊಂಡಿದೆ. ಒಬ್ಬ ಶಾಸಕರ ಗಡಿ ಮುಗಿದ ಕಡೆ ಇನ್ನೊಬ್ಬರ ಗಡಿ ಶುರು. ಹೊಳೆಗೆ ಈ ಗಡಿಗಳು ಗೊತ್ತಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಮುಂದೆ ಹರಿಯುವ ಕಪಿಲೆಯೇ ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಬಳಿ ಕಾವೇರಿ ಸೇರುತ್ತಾಳೆ. ಎರಡು ಜಿಲ್ಲೆ, ನಾಲ್ಕು ಜಿಲ್ಲೆಯಿಂದ ಆರಿಸಿ ಬಂದವರಿಗೆ ಆ ಹೊಳೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದಾಗಿ ನೋಡುವ ಅವಕಾಶವಿದೆ. ಮೇಲ್ಮನೆಯ ಸದಸ್ಯರ ದೊಡ್ಡ ಬಲ ಇದೇ ಅಂತ ನನ್ನ ನಂಬಿಕೆ.

ಹೊಳೆಯ ಮಾತು ಬಂತಲ್ಲ, ಅದನ್ನೇ ಹಿಡಿದು ಪ್ರಶ್ನೆ ಬರೆಯುವ ರೀತಿ ಹೇಳುತ್ತೇನೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿ ಭಾಗಗಳನ್ನು ಮಲಿನ ಎಂದು ಗುರುತಿಸಿತು. ಕರ್ನಾಟಕದ 17 ನದಿಗಳು ಅದರಲ್ಲಿದ್ದವು. ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿ, ಅಂದರೆ ನಮ್ಮ ಕಪಿಲೆ, ಆ ಪಟ್ಟಿಯಲ್ಲಿದೆ. ಇದನ್ನು ಸದನದಲ್ಲಿ ಕೇಳುವವರು ಸಾಮಾನ್ಯವಾಗಿ ಹೇಗೆ ಬರೆಯುತ್ತಾರೆ ಗೊತ್ತಾ? 'ಅ) ಕಪಿಲಾ ನದಿ ಮಲಿನವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?' ಉತ್ತರವೂ ಅಷ್ಟೇ ಸಲೀಸು: 'ಬಂದಿದೆ. ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ.' ಕೇಳಿದವರೂ ಗೆದ್ದಂತೆ, ಹೇಳಿದವರೂ ಗೆದ್ದಂತೆ. ಹೊಳೆ ಮಾತ್ರ ಇದ್ದಂತೆಯೇ ಇರುತ್ತದೆ.

ನೀನು ಹಾಗೆ ಬರೆಯಬೇಡ. ಸರ್ಕಾರದ ಗಮನಕ್ಕೆ ಬಂದಿದೆ ಅನ್ನುವುದು ಮೊದಲೇ ಗೊತ್ತಿರುವ ವಿಷಯ, ಅದಕ್ಕೊಂದು ಪ್ರಶ್ನೆ ಖರ್ಚು ಮಾಡಬಾರದು. 2018ರಿಂದ ಈ ಭಾಗದಲ್ಲಿ ತಿಂಗಳು ತಿಂಗಳು ತೆಗೆದ ನೀರಿನ ಪರೀಕ್ಷೆಯ ಫಲಿತಾಂಶ ಕೇಳು. ನಂಜನಗೂಡು ಪಟ್ಟಣದಲ್ಲಿ ದಿನಕ್ಕೆ ಎಷ್ಟು ಕೊಳಚೆ ನೀರು ಹುಟ್ಟುತ್ತದೆ, ಶುದ್ಧೀಕರಣ ಘಟಕ ಎಷ್ಟನ್ನು ಶುದ್ಧ ಮಾಡುತ್ತದೆ, ಘಟಕ ಸೇರದೆ ನೇರ ಹೊಳೆಗೆ ಬೀಳುವ ಚರಂಡಿಗಳು ಯಾವ ಯಾವ ಬೀದಿಯವು ಅಂತ ಕೇಳು. ಕೈಗಾರಿಕಾ ಪ್ರದೇಶದ ಎಷ್ಟು ಘಟಕಗಳಿಗೆ ನೋಟಿಸ್ ಹೋಗಿದೆ, ನೋಟಿಸ್ ಆದ ಮೇಲೆ ಏನಾಯಿತು, ಕೆಲಸ ಮುಗಿಸುವ ದಿನಾಂಕ ಯಾವುದು? 'ಸಂಪೂರ್ಣ ವಿವರ ನೀಡುವುದು' ಅಂತ ಕೊನೆಗೆ ಸೇರಿಸು. ಆಗ ಉತ್ತರದ ಜೊತೆಗೆ ಅನುಬಂಧ ಬರುತ್ತದೆ. ನಿಜವಾದ ಸಂಪತ್ತು ಆ ಅನುಬಂಧ. ಎಷ್ಟೋ ಸಲ ಜಿಲ್ಲಾ ಕಚೇರಿಯಲ್ಲಿ ವರ್ಷವಿಡೀ ಅಲೆದರೂ ಸಿಗದ ಅಂಕಿಅಂಶ ಒಂದು ಪ್ರಶ್ನೆಗೆ ಮೇಜಿನ ಮೇಲೆ ಬಂದು ಕೂರುತ್ತದೆ.

ಬರೆಯುವ ಮುಂಚೆ ಜಾಗ ನೋಡಿ ಬಾ. ಹದಿನಾರು ಕಾಲು ಮಂಟಪದ ಹತ್ತಿರ ನಿಂತು ನೋಡು, ಹೆಜ್ಜಿಗೆಗೆ ಹೋಗು, ನರಸೀಪುರದ ಸಂಗಮಕ್ಕೂ ಹೋಗು. 1989ರಲ್ಲಿ ಅಲ್ಲಿ ಕುಂಭಮೇಳ ಶುರುವಾಯಿತು, 2025ರ ಫೆಬ್ರುವರಿಯಲ್ಲೂ ನಡೆಯಿತು. ಲಕ್ಷಗಟ್ಟಲೆ ಜನ ಮುಳುಗೇಳುವ ನೀರು ಮೇಲಿನ ಊರಿನಿಂದ ಏನು ಹೊತ್ತು ತರುತ್ತದೆ ಅನ್ನುವುದನ್ನು ಎರಡೂ ಕಡೆಯ ಜನರ ಬಾಯಿಂದ ಕೇಳು. ಇದೇ ವಿಷಯದ ಮೇಲೆ ಹಿಂದೆ ಯಾರು ಕೇಳಿದ್ದರು, ಮಂತ್ರಿಗಳು ಏನು ಹೇಳಿದ್ದರು ಅನ್ನುವುದನ್ನೂ ತೆಗೆದಿಡು. ಹಳೆಯ ಪ್ರಶ್ನೋತ್ತರಗಳು ಶಾಸನಸಭೆಯ ಜಾಲತಾಣದಲ್ಲೇ ಸಿಗುತ್ತವೆ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಅಂಕಿಅಂಶ ಬೇಕಾದಾಗ ಎರಡನೆಯದು ಸಾಕು, ಮಂತ್ರಿಯಿಂದ ಮಾತು ಪಡೆಯಬೇಕಾದಾಗ ಮೊದಲನೆಯದೇ ಆಗಬೇಕು. ಉಪಪ್ರಶ್ನೆಗೆ ಸಿಗುವುದು ಒಂದೆರಡು ನಿಮಿಷ. ಆ ಹೊತ್ತಿನಲ್ಲಿ ಸಾಹೇಬರು ಕಾಗದ ತಡಕಾಡುವಂತಾಗಬಾರದು. ಎರಡೇ ಎರಡು ಉಪಪ್ರಶ್ನೆ, ದೊಡ್ಡ ಅಕ್ಷರದಲ್ಲಿ, ಒಂದು ಚೀಟಿಯ ಮೇಲೆ ಬರೆದುಕೊಡು.

ಇನ್ನು ಕೆಲವು ವಿಷಯಗಳು ಪ್ರಶ್ನೋತ್ತರದ ದಿನದವರೆಗೆ ಕಾಯುವುದಿಲ್ಲ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಹಳ್ಳದಕೇರಿ, ತೋಪಿನ ಬೀದಿಯ ಮನೆಗಳಿಗೆ ನೀರು ನುಗ್ಗಿತು. ಮೈಸೂರು ರಸ್ತೆಯೇ ಬಂದ್ ಆಯಿತು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಬಲಿಯಾದರು. ಅದರಲ್ಲಿ ಇಬ್ಬರು ಕಾಲೇಜಿಗೆ ಹೋಗುವ ವಯಸ್ಸಿನವರು, ಒಬ್ಬ ಪುಟ್ಟ ಹುಡುಗ, ಒಬ್ಬರು ಅಜ್ಜಿ. ಇಂಥದ್ದಕ್ಕೆ ಪರಿಷತ್ತಿನಲ್ಲಿ ನಿಯಮ 72ರ ಗಮನ ಸೆಳೆಯುವ ಸೂಚನೆ ಇದೆ, ವಿಷಯ ಪ್ರಸ್ತಾಪಿಸುವ ನಿಯಮ 330 ಇದೆ, ಶೂನ್ಯವೇಳೆ ಇದೆ. ಸೂಚನೆ ಕೊಡುವ ಹೊತ್ತು ಮೀರಿತು ಅನ್ನುವ ಮಾತು ನಿನ್ನ ಕಚೇರಿಯಿಂದ ಬರಬಾರದು.

ಆ ಚಿರತೆ ದಾಳಿಗಳಾದ ಮೇಲೆ ಸರ್ಕಾರ ಪರಿಹಾರವನ್ನು 15 ಲಕ್ಷ ರೂಪಾಯಿಗೆ ಏರಿಸಿತು, ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯನ್ನೂ ಮಾಡಿತು. ಒಳ್ಳೆಯದೇ ಆಯಿತು. ಆದರೆ ಆ ಕಾರ್ಯಪಡೆಯಲ್ಲಿ ಇವತ್ತು ಎಷ್ಟು ಸಿಬ್ಬಂದಿ ಇದ್ದಾರೆ, ಎಷ್ಟು ಬೋನು, ಕಬ್ಬು ಕಡಿಯುವ ಕಾಲದಲ್ಲಿ ಯಾವ ಹಳ್ಳಿಗೆ ಗಸ್ತು ಬರುತ್ತದೆ? ಕೂಗೆದ್ದ ವರ್ಷ ಎಲ್ಲರೂ ಕೇಳುತ್ತಾರೆ. ಮೂರು ವರ್ಷವಾದ ಮೇಲೂ ಕೇಳುವವರು ಬೇಕು.

ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ. ಮಂತ್ರಿ ಸದನದಲ್ಲಿ 'ಪರಿಶೀಲಿಸಲಾಗುವುದು', 'ಇನ್ನಾರು ತಿಂಗಳಲ್ಲಿ ಮುಗಿಸಲಾಗುವುದು' ಅಂದರೆ ಅದು ಭಾಷಣವಲ್ಲ, ಭರವಸೆ. ಪರಿಷತ್ತಿನಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇರುವುದೇ ಇಂಥ ಮಾತುಗಳ ಲೆಕ್ಕ ಕೇಳುವುದಕ್ಕೆ. ನೀನೊಂದು ಉದ್ದನೆಯ ನೋಟ್‌ಬುಕ್ ಇಟ್ಟುಕೋ. ಯಾವ ದಿನ, ಯಾವ ಪ್ರಶ್ನೆಗೆ, ಯಾವ ಮಂತ್ರಿ ಏನು ಹೇಳಿದರು, ಎಂದಿನೊಳಗೆ ಅಂದರು, ಎಲ್ಲವನ್ನೂ ಬರೆದಿಡು. ಗಡುವು ಮುಗಿದ ಮರುವಾರವೇ ಇಲಾಖೆಗೆ ಪತ್ರ ಹೋಗಲಿ. ಅದಕ್ಕೆ ಉತ್ತರ ಬರದಿದ್ದರೆ ಸಮಿತಿಗೆ ಬರೆ, ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆ ಮತ್ತೆ ಹಾಕಿಸು. ಸಾಲ ವಸೂಲಿಗೆ ನಿಂತವರ ಹಾಗೆ ಹಿಡಿದು ಕೇಳಬೇಕು. ಅರ್ಜಿಗಳ ಸಮಿತಿ ಅಂತಲೂ ಒಂದಿದೆ. ಊರವರೇ ಸದಸ್ಯರ ಮೂಲಕ ಅಲ್ಲಿಗೆ ಅರ್ಜಿ ಕೊಡಬಹುದು. ಹಳ್ಳದಕೇರಿಯವರಿಗಾಗಲಿ ನರಸೀಪುರ ತಾಲ್ಲೂಕಿನ ಬನ್ನೂರಿನವರಿಗಾಗಲಿ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ನೀನು ಹೇಳು.

ಮೇಲ್ಮನೆಯ ಮಿತಿಯನ್ನೂ ತಿಳಿದಿರಬೇಕು, ಇಲ್ಲದಿದ್ದರೆ ಜನರಿಗೆ ಸುಳ್ಳು ಆಸೆ ಹುಟ್ಟಿಸುತ್ತೇವೆ. ಧನ ಮಸೂದೆಯನ್ನು (ಮನಿ ಬಿಲ್) ಪರಿಷತ್ತು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಬೇರೆ ಮಸೂದೆಯನ್ನು ತಿರಸ್ಕರಿಸಬಹುದು, ಆದರೆ ವಿಧಾನಸಭೆ ಮತ್ತೆ ಒಪ್ಪಿ ಕಳಿಸಿದರೆ ಕೊನೆಯ ಮಾತು ಅವರದೇ. 2024ರ ಫೆಬ್ರುವರಿ 23ರಂದು ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಧ್ವನಿಮತದಲ್ಲಿ ಬಿದ್ದುಹೋಯಿತು. ವರ್ಷಕ್ಕೆ ಕೋಟಿಗಿಂತ ಹೆಚ್ಚು ಆದಾಯವಿರುವ ದೇವಸ್ಥಾನಗಳಿಂದ ಶೇ 10ರಷ್ಟನ್ನು ಸಾಮಾನ್ಯ ನಿಧಿಗೆ ತೆಗೆಯುವ ಮಸೂದೆ ಅದು. ವಾರದೊಳಗೆ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ಹುಂಡಿ ಎಣಿಸಿದಾಗ ಎಷ್ಟೋ ಸಲ ಕೋಟಿ ದಾಟುವ ಶ್ರೀಕಂಠೇಶ್ವರನ ಊರಿಗೆ ಇದು ದೂರದ ವಿಷಯವಲ್ಲ. ಆ ಹಣದಲ್ಲಿ ಪೂಜೆಯೂ ಇಲ್ಲದೆ ಬಿದ್ದಿರುವ ಸಣ್ಣ ಗುಡಿಗಳಿಗೆ ಎಷ್ಟು ಹೋಗಬೇಕು, ಇಲ್ಲಿನ ಭಕ್ತರ ಅನುಕೂಲಕ್ಕೆ ಎಷ್ಟು ಉಳಿಯಬೇಕು ಅನ್ನುವುದು ಕೂತು ಮಾತಾಡಬೇಕಾದ ವಿಷಯ. ಪಕ್ಷದ ಕೂಗಿನಲ್ಲಿ ಆ ಮಾತು ಸಿಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಕೂಗಾಟ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ 2020ರ ಡಿಸೆಂಬರ್ 15 ಇದೆ. ಅವತ್ತು ಪರಿಷತ್ತಿನ ಉಪ ಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಿದರು. ನಾಡೆಲ್ಲ ಟಿವಿಯಲ್ಲಿ ನೋಡಿತು. ಹಿರಿಯರ ಮನೆ ಅಂತ ಕರೆಸಿಕೊಳ್ಳುವ ಜಾಗದಲ್ಲಿ ಅದು ಆಗಬಾರದಿತ್ತು. ನಿನ್ನ ಸಾಹೇಬರು ಎಂಥ ಸಿಟ್ಟಿನಲ್ಲೂ ತಮ್ಮ ಜಾಗ ಬಿಟ್ಟು ಮುಂದೆ ನುಗ್ಗದಿರಲಿ. ಇದನ್ನು ಹೇಳುವಷ್ಟು ಸಲಿಗೆ ಇಲ್ಲದಿದ್ದರೆ ಬೆಳೆಸಿಕೋ.

ಸದನದಲ್ಲಿ ಮಾತು ಹೇಗಿರಬೇಕು ಅಂತ ತಿಳಿಯಲು ಒಂದು ಪುಸ್ತಕ ಓದು. ಕವಿ ಸಿದ್ದಲಿಂಗಯ್ಯನವರು ಎರಡು ಅವಧಿಗೆ ಪರಿಷತ್ತಿನಲ್ಲಿದ್ದರು. ಅಲ್ಲಿ ಅವರು ಆಡಿದ ಮಾತುಗಳು 'ಸದನದಲ್ಲಿ ಸಿದ್ದಲಿಂಗಯ್ಯ' ಅನ್ನುವ ಹೆಸರಿನಲ್ಲಿ ಅಚ್ಚಾಗಿವೆ. ನಮ್ಮ ಮೈಸೂರಿಗೆ ಈ ಕೆಲಸ ಹೊಸದೇನೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಸೇರಿಸಿದ ಪ್ರಜಾಪ್ರತಿನಿಧಿ ಸಭೆಗೆ 144 ಜನ ಬಂದಿದ್ದರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ, ಊರಿನ ಅಹವಾಲು ಹೇಳಬಹುದಿತ್ತು ಅಷ್ಟೆ. ಶಾಸನ ಪರಿಷತ್ತು ಬಂದದ್ದು 1907ರಲ್ಲಿ. 1881ರ ಆ ಸಭೆಯವರಿಗೆ ಇಲ್ಲದಿದ್ದ ಅಧಿಕಾರ ಇವತ್ತಿನ ಸದಸ್ಯರಿಗೆ ಇದೆ.

ಕೊನೆಗೆ ಪಂಚಾಯಿತಿಗಳ ವಿಷಯ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಹಳ್ಳಿಯ ಮಾತು ಜಿಲ್ಲೆಗೆ ಹೋಗುವ ದಾರಿ ನಡುವೆ ಕಡಿದುಹೋಯಿತು. ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗೆ ಮೇಲ್ಮನೆಯಲ್ಲಿ ಜಾಗ ಕೊಟ್ಟಿರುವುದು ಯಾಕೆ? ಈ ಚುನಾವಣೆ ಯಾಕಿಲ್ಲ ಅಂತ ಪ್ರತಿ ಅಧಿವೇಶನದಲ್ಲೂ ಕೇಳುವುದಕ್ಕಲ್ಲವೇ? ಹಾಗೆಯೇ ಶಿಕ್ಷಕರ ಕ್ಷೇತ್ರದಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದರ ಮೇಲಿನವರಿಗೆ ಮಾತ್ರ. ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ, ಟೀಚರಮ್ಮನಿಗೆ ಆ ಮತ ಇಲ್ಲ. ಮತ ಇಲ್ಲದವರ ಪರವಾಗಿ ಎತ್ತಿದ ಪ್ರಶ್ನೆಗೆ ನನ್ನ ಲೆಕ್ಕದಲ್ಲಿ ಹೆಚ್ಚು ಅಂಕ.

ಮುಂದಿನ ಅಧಿವೇಶನಕ್ಕೆ ಮೊದಲು ಕಪಿಲೆಯ ಪ್ರಶ್ನೆಯ ಕರಡು ಬರೆದು ನನಗೆ ತೋರಿಸು, ಕೂಸೇ. ವಾಕ್ಯ ನಾನು ತಿದ್ದಿಕೊಡುತ್ತೇನೆ. ಉತ್ತರ ಬಂದ ದಿನವೇ ಅದರ ನಕಲನ್ನು ನಂಜನಗೂಡು ನಗರಸಭೆಗೂ, ತಿ. ನರಸೀಪುರ ಪುರಸಭೆಗೂ, ಹೊಳೆದಂಡೆಯ ಪ್ರತಿ ಗ್ರಾಮ ಪಂಚಾಯಿತಿಗೂ ಕಳಿಸು. ಪಂಚಾಯಿತಿ ಕಚೇರಿಯ ಗೋಡೆಗೆ ಅದನ್ನು ಅಂಟಿಸಿ ಅಂತ ಸಾಹೇಬರ ಸಹಿಯಲ್ಲೇ ಕೇಳು.