ಮೊದಲ ಹಡಗು ಹತ್ತುವ ಮಗನಿಗೆ

ಕುಂದಾಪುರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಸಿಂಗಪುರದಲ್ಲಿ ಹಡಗು ಹತ್ತಬೇಕೆಂದು ನಿನಗೆ ಕಂಪನಿಯಿಂದ ಪತ್ರ ಬಂದಿದೆ, ಬಲ್ಕ್ ಕ್ಯಾರಿಯರ್ ಅಂತೆ ಎಂದು ನಿನ್ನ ಅಮ್ಮ ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದಳು. ಖುಷಿಯಿಂದಲೇ ಹೇಳಿದಳು. ಕಡೆಗೆ ಮಾತ್ರ ದನಿ ತಗ್ಗಿಸಿ, "ಅಲ್ಲಿ ಊಟಕ್ಕೆ ಏನು ಮಾಡ್ತಾನೆ ಭಾವ?" ಎಂದು ಕೇಳಿದಳು. ಬೆಂಕಿ ಆರಿಸುವುದು, ಮಗುಚಿದ ಲೈಫ್ ರಾಫ್ಟನ್ನು ಸರಿ ಮಾಡುವುದು, ಪ್ರಥಮ ಚಿಕಿತ್ಸೆ, ಇವನ್ನೆಲ್ಲ ನಿನಗೆ ಕಲಿಸಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಸಮುದ್ರದ ನಡುವೆ ಬರುವ ಒಂದು ಮಾಮೂಲಿ ಮಂಗಳವಾರವನ್ನು ಕಳೆಯುವುದು ಹೇಗೆ ಎಂದು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಹಡಗಿನವನ ಆಯುಷ್ಯದಲ್ಲಿ ಬಿರುಗಾಳಿಯ ದಿನಗಳು ಕಡಿಮೆ, ಇಂಥ ಮಂಗಳವಾರಗಳೇ ಜಾಸ್ತಿ. ಅದರ ಬಗ್ಗೆ ಬರೆಯೋಣ ಎಂದು ಕೂತಿದ್ದೇನೆ.

ಅಮ್ಮನ ಪ್ರಶ್ನೆಗೆ ಮೊದಲು ಉತ್ತರ. ಊಟಕ್ಕೆ ತೊಂದರೆಯಿಲ್ಲ, ಅದಕ್ಕೆ ನಿನ್ನ ಸಂಬಳದಿಂದ ಹಿಡಿಯುವಂತೆಯೂ ಇಲ್ಲ. ನಮ್ಮವರೇ ಇರುವ ಹಡಗಾದರೆ ಭಾನುವಾರ ಬಿರಿಯಾನಿ, ಐಸ್‌ಕ್ರೀಮ್. ಫಿಲಿಪ್ಪೀನ್ಸಿನವರು ಹೆಚ್ಚಿದ್ದರೆ ಮೂರು ಹೊತ್ತೂ ಅನ್ನ ಸಿಗುತ್ತದೆ, ಕುಚ್ಚಲಕ್ಕಿ ಮಾತ್ರ ಕೇಳಬೇಡ. ದೂರದ ಪ್ರಯಾಣದಲ್ಲಿ ಮೊದಲು ಸೊಪ್ಪು ಮುಗಿಯುತ್ತದೆ, ಆಮೇಲೆ ಟೊಮೆಟೊ, ಕೊನೆಗೆ ಎಲೆಕೋಸು, ಆಲೂಗಡ್ಡೆ, ಈರುಳ್ಳಿ ಉಳಿಯುತ್ತವೆ. ಚೀಫ್ ಕುಕ್ ಅದರಲ್ಲೇ ದಿನಕ್ಕೊಂದು ರುಚಿ ಮಾಡಿ ಬಡಿಸುತ್ತಾನೆ. ಅವನಿಗೆ ಮರ್ಯಾದೆ ಕೊಡು. ಸ್ನಾನದ ನೀರು, ಅಡುಗೆಯ ನೀರು ತಯಾರಾಗುವುದು ನಿನ್ನ ಎಂಜಿನ್ ರೂಮಿನಲ್ಲೇ. ಮುಖ್ಯ ಎಂಜಿನನ್ನು ತಂಪು ಮಾಡಿ ಬಿಸಿಯಾದ ನೀರಿನ ಶಾಖದಿಂದ, ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ, ಉಪ್ಪು ನೀರು ಕಡಿಮೆ ಬಿಸಿಗೇ ಕುದಿದು ಸಿಹಿಯಾಗುತ್ತದೆ. ಆ ಯಂತ್ರವನ್ನು ಮೊದಲ ವಾರದಲ್ಲೇ ಕಲಿತುಕೋ. ನೀರು ಕಡಿಮೆಯಾದರೆ ಇಡೀ ಹಡಗು ಎಂಜಿನ್ ರೂಮಿನವರ ಮುಖ ನೋಡುತ್ತದೆ.

ನಿನ್ನನ್ನು ಅಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ನಮ್ಮ ದೇಶದ ಹಡಗಿಗರ ಮಾತಿನಲ್ಲಿ ಚೀಫ್ ಎಂಜಿನಿಯರ್ ಬಡಾ ಸಾಬ್, ಥರ್ಡ್ ಎಂಜಿನಿಯರ್ ತೀನ್ ಸಾಬ್, ಫೋರ್ತ್ ಚಾರ್ ಸಾಬ್. ನೀನು ಜೂನಿಯರ್, ಪಾಂಚ್ ಸಾಬ್. ಈಗಿನ ಹಡಗುಗಳಲ್ಲಿ ರಾತ್ರಿ ಹೊತ್ತು ಎಂಜಿನ್ ರೂಮಿನಲ್ಲಿ ಜನ ಇರುವುದಿಲ್ಲ, ಅಲಾರಂ ಡ್ಯೂಟಿ ಎಂಜಿನಿಯರನ ಕ್ಯಾಬಿನಿನಲ್ಲಿ ಹೊಡೆಯುತ್ತದೆ. ಹಗಲು ಎಂಟಕ್ಕೆ ಕೆಲಸ ಶುರು, ಹತ್ತಕ್ಕೆ ಚಹಾ, ಹನ್ನೆರಡಕ್ಕೆ ಊಟ, ಮೂರಕ್ಕೆ ಮತ್ತೆ ಚಹಾ, ಐದಕ್ಕೆ ಎಲ್ಲ ಪಂಪು, ಟ್ಯಾಂಕು, ಪ್ರೆಷರು ನೋಡಿ ಮೇಲಕ್ಕೆ. ರಾತ್ರಿ ಒಬ್ಬನೇ ಕೆಳಗಿಳಿಯಬೇಕಾದರೆ ಬಾಗಿಲಲ್ಲೇ ಇರುವ ಡೆಡ್‌ಮ್ಯಾನ್ ಅಲಾರಂ ಚಾಲೂ ಮಾಡಿಯೇ ಇಳಿ. ಅರ್ಧ ಗಂಟೆಯೊಳಗೆ ನೀನು ಬಟನ್ ಒತ್ತದಿದ್ದರೆ ನಿನಗೇನೋ ಆಗಿದೆ ಎಂದು ಅದು ಎಲ್ಲರನ್ನೂ ಎಬ್ಬಿಸುತ್ತದೆ. ಎರಡು ನಿಮಿಷದ ಕೆಲಸ ಎಂದು ಅದನ್ನು ಬಿಟ್ಟು ಇಳಿಯಬೇಡ.

ನಿನ್ನ ಮೊದಲ ತಿಂಗಳುಗಳು ಪ್ಯೂರಿಫೈಯರ್ ಜೊತೆ ಹೋಗುತ್ತವೆ. ಹಡಗಿನ ಹೆವಿ ಆಯಿಲ್ ತಣ್ಣಗಿದ್ದಾಗ ಬೆಲ್ಲದ ಪಾಕದ ಹಾಗೆ ಮಂದ. ಅದನ್ನು ಹೆಚ್ಚು ಕಡಿಮೆ ನೂರು ಡಿಗ್ರಿ ಬಿಸಿ ಮಾಡಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಟ್ಟಲಿಗೆ ಬಿಟ್ಟು, ನೀರು ಮತ್ತು ಕೊಳೆ ಬೇರ್ಪಡಿಸುತ್ತೇವೆ. ಆ ಬಟ್ಟಲನ್ನು ಬಿಚ್ಚಿದರೆ ಒಳಗೆ ತೆಳ್ಳನೆಯ ತಗಡುಗಳು ಒಂದರ ಮೇಲೊಂದು ಕೂತಿರುತ್ತವೆ, ಎಲ್ಲದರ ಮೈಗೂ ಕಪ್ಪು ಜಿಗಟು. ಒಂದೊಂದನ್ನೇ ಎತ್ತಿ, ತೊಳೆದು, ಅದೇ ಕ್ರಮದಲ್ಲಿ ಜೋಡಿಸಬೇಕು. ಆ ಕೋಣೆಯ ಬಿಸಿಗೆ ಬಾಯ್ಲರ್ ಸೂಟ್ ಮೈಗೆ ಅಂಟಿಕೊಳ್ಳುತ್ತದೆ, ಕಿವಿಗೆ ಮಫ್ ಹಾಕಿದ್ದರೂ ಎದೆಯೊಳಗೆ ಸದ್ದು ಕೇಳುತ್ತದೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಎಣ್ಣೆ ಹೋಗುವುದಿಲ್ಲ. ನನಗೆ ಆ ಕೆಲಸ ಬಹಳ ಇಷ್ಟವಾಗಿತ್ತು. ಮುಚ್ಚಿ, ಚಾಲೂ ಮಾಡಿ, ಸ್ವಲ್ಪವೂ ಅದುರದೆ ಅದು ವೇಗ ಹಿಡಿಯುವಾಗ ಪಕ್ಕದಲ್ಲಿ ನಿಂತು ನೋಡು. ನಿನಗೂ ಇಷ್ಟವಾಗುತ್ತದೆ.

ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರ ದಾಟುವಾಗ ಹೇಗಿರುತ್ತದೆ ಎಂದು ನಮ್ಮೂರಿನ ಮೀನುಗಾರರನ್ನು ಕೇಳು. ಜೂನ್, ಜುಲೈ ಎರಡು ತಿಂಗಳು ಅವರ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಡಗಿಗೆ ಮಾತ್ರ ರಜೆ ಇಲ್ಲ. ಹೊಯ್ದಾಟ ಜೋರಾದರೆ ಮೆಸ್ಸಿನ ಮೇಜಿಗೆ ಒದ್ದೆ ಬಟ್ಟೆ ಹಾಸುತ್ತಾರೆ, ತಟ್ಟೆ ಜಾರುವುದಿಲ್ಲ. ಮಲಗುವಾಗ ಹಾಸಿಗೆಯ ಹೊರ ಅಂಚಿನ ಕೆಳಗೆ ಲೈಫ್ ಜಾಕೆಟ್ ತುರುಕಿ, ಹಾಸಿಗೆ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮಲಗು, ಉರುಳುವುದಿಲ್ಲ. ವಾಂತಿ ಬಂದರೆ ನಾಚಬೇಡ, ಒಣ ಬಿಸ್ಕತ್ತು ತಿನ್ನು, ಖಾಲಿ ಹೊಟ್ಟೆಯಲ್ಲಿ ಇರಬೇಡ. ನಾಲ್ಕೈದು ದಿನಕ್ಕೆ ಮೈ ಹೊಂದಿಕೊಳ್ಳುತ್ತದೆ.

ಇನ್ನು ಹೇಳುವುದನ್ನು ಗಮನ ಇಟ್ಟು ಓದು. ನಮ್ಮ ಕಾಲದಲ್ಲಿ ಮನೆಯ ಸುದ್ದಿ ಬಂದರಿನ ಏಜೆಂಟನ ಚೀಲದಲ್ಲಿ ಬರುತ್ತಿತ್ತು. ನಿನ್ನ ಅಕ್ಕ ಹುಟ್ಟಿದಾಗ ನಮ್ಮ ಹಡಗು ಬ್ರೆಜಿಲಿನ ಟುಬರಾವ್ ಬಂದರಿನಲ್ಲಿ ಕಬ್ಬಿಣದ ಅದಿರು ತುಂಬುತ್ತಿತ್ತು. ರೇಡಿಯೋ ಆಫೀಸರ್ ಒಂದು ಚೀಟಿ ತಂದು ಕೈಗಿಟ್ಟ, ಅದರಲ್ಲಿ ಒಂದೇ ಸಾಲಿನ ತಂತಿ. ಮಾತಾಡಬೇಕೆಂದರೆ ಬಾಂಬೆ ರೇಡಿಯೋ ಮೂಲಕ ಸಾಲು ಕಾಯಬೇಕು, ಪ್ರತಿ ಮಾತಿಗೂ 'ಓವರ್' ಎನ್ನಬೇಕು, ಅದೇ ಚಾನೆಲ್ಲಿನಲ್ಲಿದ್ದ ಬೇರೆ ಹಡಗುಗಳವರ ಕಿವಿಗೂ ನಮ್ಮ ಸಂಸಾರ ಬೀಳುತ್ತಿತ್ತು. ಈಗ ನಿಮಗೆ ಕ್ಯಾಬಿನಿನಲ್ಲೇ ಇಂಟರ್‌ನೆಟ್. ಕೊರೋನಾ ಕಾಲದಲ್ಲಿ, 2020ರ ಕೊನೆಯ ಹೊತ್ತಿಗೆ, ಜಗತ್ತಿನಲ್ಲಿ ಸುಮಾರು ನಾಲ್ಕು ಲಕ್ಷ ಮಂದಿ ಹಡಗಿಗರು ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಸಿಕ್ಕಿಬಿದ್ದಿದ್ದರು. ಆಮೇಲೆ ಕಡಲ ಕಾರ್ಮಿಕ ಒಪ್ಪಂದಕ್ಕೆ ತಿದ್ದುಪಡಿ ಆಯಿತು. ಸಾಧ್ಯವಾದಷ್ಟೂ ಹಡಗಿಗರಿಗೆ ಇಂಟರ್‌ನೆಟ್ ಸೌಲಭ್ಯ ಕೊಡಬೇಕೆಂಬ ನಿಯಮ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಒಳ್ಳೆಯ ನಿಯಮ. ಅದಕ್ಕಾಗಿ ದುಡಿದವರಿಗೆ ನಾವು ಋಣಿಗಳು.

ಆದರೆ ನನ್ನ ಕೊನೆಯ ವರ್ಷಗಳಲ್ಲಿ ಒಂದು ಬದಲಾವಣೆ ಕಣ್ಣಾರೆ ನೋಡಿದೆ. ಮೊದಲೆಲ್ಲ ರಾತ್ರಿ ಊಟವಾದ ಮೇಲೆ ಸ್ಮೋಕ್ ರೂಮಿನಲ್ಲಿ ಕೇರಂ, ಇಸ್ಪೀಟು, ಒಂದೇ ಸಿನಿಮಾವನ್ನು ಹತ್ತನೇ ಸಲ ನೋಡುವ ಗದ್ದಲ ಇರುತ್ತಿತ್ತು. ಹಡಗಿನಲ್ಲಿರುವವರೇ ಇಪ್ಪತ್ತು ಇಪ್ಪತ್ತೈದು ಜನ. ಇಂಟರ್‌ನೆಟ್ ಬಂದ ಮೇಲೆ ತಟ್ಟೆ ಹಿಡಿದು ಕ್ಯಾಬಿನಿಗೆ ಹೋಗುವವರು ಹೆಚ್ಚಾದರು. ಬಾಗಿಲು ಹಾಕಿದ ಕೋಣೆಯಲ್ಲಿ ಕೂತವನಿಗೆ ಮನೆಯ ಎಲ್ಲ ಸಂಕಟವೂ ಅದೇ ಕ್ಷಣದಲ್ಲಿ ಬಂದು ತಲುಪುತ್ತದೆ: ಅಪ್ಪನ ಬಿ.ಪಿ. ಏರಿದೆ, ಬ್ಯಾಂಕಿನಿಂದ ನೋಟಿಸ್ ಬಂದಿದೆ, ತಂಗಿ ಅಳುತ್ತಿದ್ದಾಳೆ. ಅವನು ಮಾಡಬಹುದಾದದ್ದು ಏನೂ ಇಲ್ಲ. ಪಕ್ಕದಲ್ಲಿ ಹೇಳಿಕೊಳ್ಳಲು ಒಬ್ಬರೂ ಇಲ್ಲ. ನಾಲ್ಕು ಗಂಟೆ ಹೊರಳಾಡಿ, ನಿದ್ದೆಗೆಟ್ಟು, ಬೆಳಿಗ್ಗೆ ಸ್ಪ್ಯಾನರ್ ಹಿಡಿಯುತ್ತಾನೆ.

ಒಂದು ಹಡಗಿನಲ್ಲಿ ನಮ್ಮ ಜೊತೆ ಒಬ್ಬ ಆಯಿಲರ್ ಹುಡುಗ ಇದ್ದ. ಕೆಲಸದಲ್ಲಿ ಚುರುಕು, ಹಾಡು ಹೇಳುತ್ತಿದ್ದ. ಒಂದು ದಿನ ಚೀಫ್ ಕುಕ್ ಕಂಟ್ರೋಲ್ ರೂಮಿಗೇ ಇಳಿದು ಬಂದ. ಅವನು ಅಷ್ಟು ಮೆಟ್ಟಿಲು ಇಳಿದು ಬಂದದ್ದನ್ನು ನಾನು ನೋಡಿದ್ದೇ ಇಲ್ಲ. "ಬಡಾ ಸಾಬ್, ಆ ಹುಡುಗನ ತಟ್ಟೆ ನಾಲ್ಕು ದಿನದಿಂದ ಹಾಗೇ ವಾಪಸ್ ಬರ್ತಾ ಇದೆ" ಎಂದ. ಅಷ್ಟೂ ದಿನ ಹುಡುಗ ಸಮಯಕ್ಕೆ ಸರಿಯಾಗಿ ಡ್ಯೂಟಿಗೆ ಬಂದಿದ್ದ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ. ಅಂದು ಸಂಜೆ ಕ್ಯಾಪ್ಟನ್ ಅವನನ್ನು ಕೂರಿಸಿಕೊಂಡು ಮಾತಾಡಿದರು. ಊರಿನಲ್ಲಿ ಮದುವೆ ಮುರಿದಿತ್ತು. ನಾವು ಅವನನ್ನು ರಾತ್ರಿ ಒಬ್ಬನೇ ಇರಲು ಬಿಡಲಿಲ್ಲ, ಸರದಿಯಲ್ಲಿ ಜೊತೆ ಕೂತೆವು. ದಡದ ವೈದ್ಯರ ಸಲಹೆ ಪಡೆದು ಮುಂದಿನ ಬಂದರಿನಲ್ಲಿ ಮನೆಗೆ ಕಳಿಸಿದೆವು. ಒಂದು ವರ್ಷ ಬಿಟ್ಟು ಮತ್ತೆ ಹಡಗು ಹತ್ತಿದ, ಈಗಲೂ ಹಬ್ಬಕ್ಕೆ ನನಗೆ ಫೋನ್ ಮಾಡುತ್ತಾನೆ.

ಹಾಗಾಗಿ ಒಂದು ಮಾತು ಕೊಡು. ಕನಿಷ್ಠ ರಾತ್ರಿಯ ಊಟವನ್ನಾದರೂ ಮೆಸ್ಸಿನಲ್ಲಿ, ಮೇಜಿನ ಮುಂದೆ, ಇತರರ ಜೊತೆ ಕೂತು ಮಾಡು. ಫೋನನ್ನು ಕ್ಯಾಬಿನಿನಲ್ಲೇ ಬಿಟ್ಟು ಬಾ. ಭಾಷೆ ಬಾರದಿದ್ದರೂ ಕೂರು. ನಿನ್ನ ಪಕ್ಕದ ಕುರ್ಚಿ ಎರಡು ದಿನ ಖಾಲಿಯಾಗಿದ್ದರೆ ಎದ್ದು ಹೋಗಿ ಅವನ ಬಾಗಿಲು ತಟ್ಟು. ನಿನಗೇ ಮನಸ್ಸು ಕುಸಿದರೆ ಸೆಕೆಂಡ್ ಎಂಜಿನಿಯರಿಗೆ ಹೇಳು. ಹಡಗಿನಲ್ಲಿ ಯಾರಿಗೂ ಹೇಳಲಾಗದಿದ್ದರೆ 'ಸೀಫೇರರ್ ಹೆಲ್ಪ್' ಎಂಬ ಸಹಾಯವಾಣಿ ಇದೆ, ಇಪ್ಪತ್ನಾಲ್ಕು ಗಂಟೆಯೂ ಉಚಿತ. ಅದರ ನಂಬರನ್ನು ಹೊರಡುವ ಮೊದಲೇ ಫೋನಿನಲ್ಲಿ ಹಾಕಿಕೋ.

ಮನೆಗೆ ಫೋನ್ ಮಾಡಲು ಒಂದು ಹೊತ್ತು ಗೊತ್ತು ಮಾಡಿಕೋ. ಪಶ್ಚಿಮಕ್ಕೆ ಹೋಗುವಾಗ ಹಡಗಿನ ಗಡಿಯಾರವನ್ನು ರಾತ್ರಿ ಒಂದೊಂದು ಗಂಟೆ ಹಿಂದೆ ಹಾಕುತ್ತಾರೆ. ಬ್ರೆಜಿಲ್ ಮುಟ್ಟುವ ಹೊತ್ತಿಗೆ ನೀನು ಊರಿಗಿಂತ ಎಂಟೂವರೆ ಗಂಟೆ ಹಿಂದೆ ಇರುತ್ತೀಯ, ನಿನ್ನ ಸಂಜೆಯ ಬಿಡುವು ಅಮ್ಮನ ನಡುರಾತ್ರಿ. ಇದನ್ನು ಅವಳಿಗೆ ಮೊದಲೇ ಬಿಡಿಸಿ ಹೇಳು, ಇಲ್ಲದಿದ್ದರೆ ಎದ್ದು ಕೂತು ಕಾಯುತ್ತಾಳೆ. ಸಿಗ್ನಲ್ ಇಲ್ಲದ ದಿನಗಳೂ ಬರುತ್ತವೆ ಎಂದೂ ಹೇಳು. ಫೋನಿನಲ್ಲಿ "ಎಲ್ಲ ಆರಾಮ" ಎಂದು ಮುಗಿಸಬೇಡ. ಇವತ್ತು ಏನು ಬಿಚ್ಚಿದೆ, ಏನು ತಿಂದೆ, ಯಾವ ಮೀನು ಕಂಡೆ ಎಂದು ಹೇಳು. ಅವಳಿಗೆ ಬೇಕಿರುವುದು ಅದು.

ಸುರಕ್ಷತೆಯ ವಿಷಯದಲ್ಲಿ ನಾನು ಬೇಡಿಕೊಳ್ಳುವುದು ಎರಡೇ. ಮೊದಲನೆಯದು ಮುಚ್ಚಿದ ಜಾಗ. ಕಲ್ಲಿದ್ದಲು, ಮರದ ದಿಮ್ಮಿಯಂಥ ಸರಕು, ತುಕ್ಕು ಹಿಡಿಯುತ್ತಿರುವ ಖಾಲಿ ಟ್ಯಾಂಕು ಕೂಡ, ಮುಚ್ಚಿದ ಜಾಗದ ಆಮ್ಲಜನಕವನ್ನು ತಿಂದುಬಿಡುತ್ತವೆ. ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಮೀಟರಿನಲ್ಲಿ ಶೇಕಡಾ 21ರ ಹತ್ತಿರ ತೋರಿಸದೆ, ಪರ್ಮಿಟ್ ಇಲ್ಲದೆ, ಯಾರು ಹೇಳಿದರೂ ಇಳಿಯಬೇಡ. ಒಳಗೆ ಗೆಳೆಯ ಬಿದ್ದಿರುವುದು ಕಂಡರೂ ಉಸಿರಾಟದ ಸೆಟ್ ಹಾಕದೆ ಹಾರಬೇಡ, ಮೊದಲು ಅಲಾರಂ ಹೊಡೆ. ಎಳೆಯಲು ಹೋದವನೂ ಅಲ್ಲೇ ಬಿದ್ದ ಸಾವುಗಳು ಹಡಗುಗಳಲ್ಲಿ ಮತ್ತೆ ಮತ್ತೆ ಆಗಿವೆ. ಎರಡನೆಯದು ನಿದ್ದೆ. ಯಾವುದೇ ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ನಿನ್ನ ಹಕ್ಕು. ಅದರ ಲೆಕ್ಕದ ಹಾಳೆಗೆ ನೀನೇ ಸಹಿ ಹಾಕುತ್ತೀಯ. ಹೆಸರು ಹೇಳಬಾರದ ಒಂದು ಹಡಗಿನಲ್ಲಿ ತಿಂಗಳ ಮೊದಲ ದಿನವೇ ಇಡೀ ತಿಂಗಳ ಹಾಳೆ ತುಂಬಿಸಿ ಸಹಿ ಕೇಳುತ್ತಿದ್ದರು. ಮೂರು ರಾತ್ರಿ ನಿದ್ದೆಗೆಟ್ಟ ಫಿಟ್ಟರ್ ಒಬ್ಬ ಅಲ್ಲಿ ಬೆರಳು ಕಳೆದುಕೊಂಡ. ಹಾಳೆಯ ಪ್ರಕಾರ ಅವನು ಚೆನ್ನಾಗಿ ನಿದ್ದೆ ಮಾಡಿದ್ದ. ನೀನು ದುಡಿದ ಗಂಟೆಯನ್ನೇ ಬರೆ.

ಬಂದರಿನಲ್ಲಿ ಬಿಡುವು ಸಿಕ್ಕರೆ ಗೇಟಿನಾಚೆ ಕಾಲಿಡು, ಅರ್ಧ ಗಂಟೆಯಾದರೂ ಸರಿ. ಮಿಷನ್ ಟು ಸೀಫೇರರ್ಸ್, ಸ್ಟೆಲ್ಲಾ ಮಾರಿಸ್ ನಡೆಸುವ ಹಡಗಿಗರ ಕೇಂದ್ರಗಳು ಎಷ್ಟೋ ಬಂದರುಗಳಲ್ಲಿವೆ. ಜಾತಿ ಧರ್ಮ ಕೇಳದೆ ಚಹಾ ಕೊಡುತ್ತಾರೆ, ವ್ಯಾನಿನಲ್ಲಿ ಪೇಟೆಗೆ ಬಿಡುತ್ತಾರೆ. ನೆಲದ ಮೇಲೆ ನಡೆದು ಬಂದವನ ಮುಖವೇ ಬೇರೆ.

ದೀಪಾವಳಿ, ಊರಿನ ತೇರು, ತಂಗಿಯ ಸೀಮಂತ ಎಲ್ಲ ತಪ್ಪುತ್ತವೆ. ಅದಕ್ಕೆ ಪರಿಹಾರ ಇಲ್ಲ, ಇದೆ ಎಂದು ನಿನಗೆ ಸುಳ್ಳು ಹೇಳಲಾರೆ. ನೀನು ವಾಪಸ್ ಬರುವ ಹೊತ್ತಿಗೆ ಮನೆ ನೀನಿಲ್ಲದೆ ನಡೆಯುವುದನ್ನು ಕಲಿತಿರುತ್ತದೆ. ಗ್ಯಾಸ್, ಕರೆಂಟ್ ಬಿಲ್, ಅಪ್ಪನ ಮಾತ್ರೆ ಎಲ್ಲಕ್ಕೂ ಅಮ್ಮನದೇ ಒಂದು ಪದ್ಧತಿ ಆಗಿರುತ್ತದೆ. ಬಂದ ಮರುದಿನವೇ ಅದನ್ನು ತಿದ್ದಲು ಹೋಗಬೇಡ. ಎರಡು ವಾರ ಸುಮ್ಮನೆ ನೋಡು, ಹೇಳಿದ ಕೆಲಸ ಮಾಡು. ಸಂಬಳದಲ್ಲಿ ಎಷ್ಟು ಮನೆಗೆ ಹೋಗಬೇಕು ಎಂಬುದನ್ನು ಹತ್ತುವ ಮೊದಲೇ ಬರೆದುಕೊಟ್ಟರೆ ಅಷ್ಟು ನೇರವಾಗಿ ಮನೆಯ ಖಾತೆಗೆ ಜಮೆಯಾಗುತ್ತದೆ, ಅದನ್ನೂ ಮಾಡು.

ಕರಾರಿನ ಒಂದು ಪ್ರತಿ, ಪಾಸ್‌ಪೋರ್ಟ್ ಮತ್ತು ಸಿ.ಡಿ.ಸಿ. ಎಂಬ ಹಡಗಿಗನ ಸೇವಾ ಪುಸ್ತಕದ ನಕಲು, ನಿನ್ನನ್ನು ಕಳಿಸುತ್ತಿರುವ ಏಜೆನ್ಸಿಯ ಲೈಸೆನ್ಸ್ ನಂಬರು, ಇಷ್ಟನ್ನೂ ಒಂದು ಫೈಲಿನಲ್ಲಿ ಹಾಕಿ ಅಮ್ಮನ ಕೈಗೆ ಕೊಟ್ಟು ಹೊರಡು. ಕಂಪನಿಯ ಸಿಬ್ಬಂದಿ ವಿಭಾಗದ ಫೋನ್ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡು. ಟಿಕೆಟ್ ಬರುವ ತನಕ ಕಾಯಬೇಡ, ಈ ವಾರವೇ ಮಾಡಿ ಮುಗಿಸಿ ನನಗೆ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ