ಕಲ್ಪಿತ ಬೆಟ್ಟಗಳ ಎತ್ತರ: ಅನುಭವದ ಪಾಠಗಳು

ಟೋಲ್ಕಿನ್ನರ ಮಿಡಲ್ ಅರ್ಥ್‌ನ ಬೆಟ್ಟಗಳ ಎತ್ತರ ಲೆಕ್ಕ ಹಾಕುವ ಗೀಳು ನನಗೆ ಹತ್ತಿ ಬಹಳ ವರ್ಷಗಳಾದವು. ಕಥೆಯ ಬೆಟ್ಟಕ್ಕೆ ಎತ್ತರ ಯಾಕೆ ಎಂದು ಕೇಳುವವರಿದ್ದಾರೆ. ಎತ್ತರ ಗೊತ್ತಾದರೆ ಅಲ್ಲಿನ ಚಳಿ, ಮರ, ಏದುಸಿರು ಎಲ್ಲ ಗೊತ್ತಾಗುತ್ತದೆ. ಪಾತ್ರಗಳು ಪಟ್ಟ ಪಾಡಿನ ತೂಕ ಆಗ ತಿಳಿಯುತ್ತದೆ.

1. ನಕ್ಷೆಯಿಂದ ದೂರ ತೆಗೆದುಕೊಳ್ಳಿ, ಎತ್ತರ ಬೇಡ. ಕಾದಂಬರಿಯ ನಕ್ಷೆಯಲ್ಲಿರುವ ಬೆಟ್ಟಗಳು ಬರೀ ಗುರುತುಗಳು.

2. ಅಂಕಿ ಸಿಕ್ಕರೆ, ಎಲ್ಲಿಂದ ಅಳೆದದ್ದು ನೋಡಿ. ಮೌಂಟ್ ಡೂಮ್ ಎಂಬ ಜ್ವಾಲಾಮುಖಿಗೆ ಲೇಖಕರೇ ಲೆಕ್ಕ ಕೊಟ್ಟಿದ್ದಾರೆ: ಬುಡ ಸುಮಾರು 3,000 ಅಡಿ, ಅದರ ಮೇಲೆ ಅರ್ಧದಷ್ಟು ಎತ್ತರದ ಶಂಕು. ಒಟ್ಟು 4,500 ಅಡಿ, ಅಂದರೆ 1,370 ಮೀಟರ್. ಆದರೆ ಇದು ಸುತ್ತಲಿನ ಬಯಲಿನಿಂದ ಅಳೆದದ್ದು, ಸಮುದ್ರಮಟ್ಟದಿಂದಲ್ಲ. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದ್ದರೂ ಚಿಕ್ಕಮಗಳೂರು ಪೇಟೆಯಿಂದ ನೋಡುವವನ ಕಣ್ಣಿಗೆ ಅದರ ಅರ್ಧಕ್ಕಿಂತ ಕಡಿಮೆಯೇ ಕಾಣುವುದು. ಮೌಂಟ್ ಡೂಮ್ ಅಷ್ಟೇನೂ ದೊಡ್ಡದಲ್ಲ ಎನ್ನುವವರು ಒಂದು ವಿಷಯ ನೆನಪಿಡಬೇಕು: ಹಸಿವು ನೀರಡಿಕೆಯಲ್ಲಿ ಬಸವಳಿದಿದ್ದ ಸ್ಯಾಮ್, ತನ್ನ ಒಡೆಯ ಫ್ರೋಡೋನನ್ನು ಬೆನ್ನ ಮೇಲೆ ಹೊತ್ತು ಅದನ್ನು ಹತ್ತಿದ.

3. ಹಿಮ ಒಳ್ಳೆಯ ಸಾಕ್ಷಿ, ಆದರೆ ಪಾಟೀಸವಾಲು ಮಾಡದೆ ನಂಬಬೇಡಿ. ಮೊದಲು ಅಕ್ಷಾಂಶ ಬೇಕು. ರಿವೆಂಡೆಲ್ ಆಕ್ಸ್‌ಫರ್ಡಿನ ಅಕ್ಷಾಂಶದಲ್ಲಿ, ಮಿನಾಸ್ ತಿರಿತ್ 600 ಮೈಲಿ ದಕ್ಷಿಣಕ್ಕೆ ಫ್ಲಾರೆನ್ಸಿನ ಅಕ್ಷಾಂಶದಲ್ಲಿ ಇವೆಯೆಂದು ಟೋಲ್ಕಿನ್ ಪತ್ರವೊಂದರಲ್ಲಿ ತಿಳಿಸಿದ್ದರು. ಕರಾದ್ರಾಸ್ ಬೆಟ್ಟ ಇವೆರಡರ ನಡುವೆ, ಹೆಚ್ಚುಕಡಿಮೆ ಆಲ್ಪ್ಸ್ ಇರುವಲ್ಲಿ. ಆಲ್ಪ್ಸ್‌ನಲ್ಲಿ ಮರಗಳು ಸುಮಾರು 2,000 ಮೀಟರಿಗೆ ನಿಲ್ಲುತ್ತವೆ. ವರ್ಷವಿಡೀ ಕರಗದ ಹಿಮ ಸುಮಾರು 3,000ಕ್ಕೆ ಶುರು. ಇನ್ನು ತಾರೀಖು ನೋಡಿ: ಫ್ರೋಡೋನ ತಂಡ ಕರಾದ್ರಾಸ್ ಹತ್ತಿದ್ದು ಜನವರಿಯಲ್ಲಿ. ಚಳಿಗಾಲದ ಹಿಮ ಕಣಿವೆಯಲ್ಲೂ ಬೀಳುತ್ತದೆ, ಅದರಿಂದ ಎತ್ತರ ಹೇಳಲಾಗದು. ಮೇಲಾಗಿ, ನಾವಿನ್ನೂ ಅಷ್ಟು ಮೇಲೆ ಬಂದಿಲ್ಲ, ಇಲ್ಲಿ ಇಷ್ಟು ಹಿಮ ಸಹಜವಲ್ಲ ಎಂಬ ಮಾತು ತಂಡದಲ್ಲೇ ಬರುತ್ತದೆ. ಬೆಟ್ಟವೇ ಮುನಿದು ಸುರಿಸಿದ ಹಿಮವೆಂಬ ಅನುಮಾನವಿದ್ದರೆ ಅದನ್ನು ಲೆಕ್ಕದಿಂದ ಕೈಬಿಡಲೇಬೇಕು. ಬದಲಿಗೆ ಉಸಿರನ್ನು ಗಮನಿಸಿ. ಚಳಿಗೆ ನಡುಗಿದವರಿದ್ದಾರೆ, ಆದರೆ ಗಾಳಿ ತೆಳುವಾಗಿ ತಲೆನೋವು, ವಾಂತಿ ಎಂದವರು ಯಾರೂ ಇಲ್ಲ. ಅವರು ಹಿಂದಿರುಗಿದ ಜಾಗ 2,500 ಮೀಟರಿಗಿಂತ ಕೆಳಗೇ ಎಂಬುದು ನನ್ನ ಅಂದಾಜು.

4. ಲೇಖಕರು ಓಡಾಡಿದ ಬೆಟ್ಟಗಳನ್ನು ಹುಡುಕಿ. ಟೋಲ್ಕಿನ್ 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಚಾರಣ ಮಾಡಿದ್ದರು. ಅಲ್ಲಿ ಕಂಡ ಸಿಲ್ಬರ್‌ಹಾರ್ನ್ ಶಿಖರವೇ ಕರಾದ್ರಾಸ್‌ನ ಪಕ್ಕದ ಸಿಲ್ವರ್‌ಟೈನ್‌ಗೆ ಮೂಲ. ಅದರ ಎತ್ತರ ಸುಮಾರು 3,700 ಮೀಟರ್. ಬೇರೆ ಆಧಾರ ಇಲ್ಲದಾಗ ನಾನು ಇದನ್ನೇ ಹಿಡಿಯುತ್ತೇನೆ.

5. ಲೋಕ ದುಂಡಗಿದೆಯೇ ಎಂದು ಮೊದಲು ಕೇಳಿ. ನಮ್ಮ ಭೂಮಿಯಲ್ಲಿ ಮೀಟರುಗಳಲ್ಲಿರುವ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಬೆಟ್ಟ ಎಷ್ಟು ಕಿಲೋಮೀಟರ್ ದೂರಕ್ಕೆ ಕಾಣುತ್ತದೆಂದು ಸಿಗುತ್ತದೆ. ‘ದಿ ಅಟ್ಲಾಸ್ ಆಫ್ ಮಿಡಲ್ ಅರ್ಥ್’ (1981) ರಚಿಸಿದ ಕ್ಯಾರೆನ್ ವಿನ್ ಫಾನ್‌ಸ್ಟಡ್ ಅವರು ಟೋಲ್ಕಿನ್ನರ ಚಿತ್ರವೊಂದರ ಆಧಾರದಲ್ಲಿ ಥಾಂಗೊರೊಡ್ರಿಮ್ ಬೆಟ್ಟಕ್ಕೆ 35,000 ಅಡಿ ಅಂದಾಜಿಸಿದರು. ಎವರೆಸ್ಟಿಗಿಂತ ಎತ್ತರ! ಸೂತ್ರದ ಪ್ರಕಾರ ಅದು ಸುಮಾರು 370 ಕಿಲೋಮೀಟರ್ ಆಚೆಗೆ ಕಾಣದು. ಎಲ್ಫ್‌ಗಳ ನೆಲೆಯಾದ ಮೆನೆಗ್ರೋತ್ ಇರುವುದೋ ಅಲ್ಲಿಂದ 150 ಲೀಗ್, ಅಂದರೆ ಸುಮಾರು 720 ಕಿಲೋಮೀಟರ್ ದೂರದಲ್ಲಿ. ಆದರೆ ಆ ಬೆಟ್ಟವಿದ್ದ ಯುಗದಲ್ಲಿ ಟೋಲ್ಕಿನ್ನರ ಲೋಕ ಚಪ್ಪಟೆ. ಅದು ದುಂಡಗಾದದ್ದು ನ್ಯೂಮೆನಾರ್ ದ್ವೀಪ ಮುಳುಗಿದ ಮೇಲೆ. ಚಪ್ಪಟೆ ನೆಲದಲ್ಲಿ ದಿಗಂತ ಅಡ್ಡ ಬರುವುದಿಲ್ಲ. ಅಷ್ಟು ದೂರದಿಂದಲೂ ಆ ಬೆಟ್ಟ ಆಕಾಶದಲ್ಲಿ ಚಂದ್ರಬಿಂಬಕ್ಕಿಂತ ಎತ್ತರದ ಜಾಗ ಹಿಡಿಯುತ್ತಿತ್ತು, ಕಾಡು, ಧೂಳು, ಮಂಜು ಮರೆಮಾಡದಿದ್ದರೆ. ಈ ಲೆಕ್ಕ ಬಿಡಿಸಿದಾಗ ಆದ ಖುಷಿ ಇನ್ನೂ ಮಾಸಿಲ್ಲ.

6. ಒಂದೇ ಅಂಕಿ ಬರೆಯಬೇಡಿ, ಇಷ್ಟರಿಂದ ಇಷ್ಟು ಎಂದು ಬರೆಯಿರಿ. ಪಕ್ಕದಲ್ಲೇ ಆಧಾರವನ್ನೂ ಗುರುತಿಸಿ: ಮಾತೋ, ಚಿತ್ರವೋ, ಹಿಮವೋ, ನಡಿಗೆಯೋ. ಫಾನ್‌ಸ್ಟಡ್ ಅವರ ಅಟ್ಲಾಸ್ ತೆರೆಯುವುದು ನಿಮ್ಮ ಲೆಕ್ಕ ಮುಗಿದ ಮೇಲಿರಲಿ. ಮೊದಲೇ ನೋಡಿದರೆ ಅವರ ಅಂಕಿಯ ಸುತ್ತಲೇ ನಿಮ್ಮ ಅಂದಾಜೂ ಗಿರಕಿ ಹೊಡೆಯುತ್ತದೆ.