ಬಾಲ್ಯದ ಬಿಡುವು, ಪ್ರಾಯದ ಹೊರೆ

ಓದತಕ್ಕ ಭಾಗಗಳು: ಲೂಕ 2:41–52, ಗಲಾತ್ಯ 4:1–2

ಈ ತಿಂಗಳು ನಾವು ಆಲೋಚಿಸತಕ್ಕ ವಿಷಯವು ಪ್ರತಿಯೊಂದು ಮನೆಗೂ ಸೇರಿದ್ದಾಗಿದೆ. ಕೂಸಿಗೆ ಯಾವ ಹೊರೆಯೂ ಇಲ್ಲ. ಅದು ತಾಯಿತಂದೆಗಳ ದುಡಿಮೆಯಿಂದ ಉಣ್ಣುತ್ತದೆ, ಆಡುತ್ತದೆ, ನಿಶ್ಚಿಂತೆಯಾಗಿ ಮಲಗುತ್ತದೆ. ಅದೇ ಕೂಸು ಒಂದು ದಿನ ಇತರರಿಗೆ ಉಣಿಸಬೇಕಾಗುವದು. ಈ ಎರಡು ಸ್ಥಿತಿಗಳ ನಡುವಣ ದಾರಿಯಲ್ಲಿ ಹಿರಿಯರು ಮಕ್ಕಳನ್ನು ಹೇಗೆ ನಡಿಸಬೇಕು ಎಂಬದೇ ನಮ್ಮ ಪಾಠ.

1. ದನದ ಕೊಟ್ಟಿಗೆಯಲ್ಲಿರುವ ಬುದ್ಧಿ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕಪ್ಪು ನೆಲದಲ್ಲಿ ಒಕ್ಕಲುತನ ಮಾಡುವವರಿಗೆ ಹೋರಿಗರುವನ್ನು ಪಳಗಿಸುವ ಕ್ರಮ ಗೊತ್ತುಂಟು. ಎರಡು ಹಲ್ಲು ಬರುವ ಮುನ್ನ ಅದರ ಮೇಲೆ ನೊಗ ಇಡುವದಿಲ್ಲ; ಇಟ್ಟರೆ ಹೆಗಲು ಹುಣ್ಣಾಗಿ ಎತ್ತು ಜನ್ಮಕ್ಕೆ ಕೆಡುವದು. ಹಲ್ಲು ಬಂದ ಮೇಲೂ ಒಮ್ಮೆಲೇ ತುಂಬಿದ ಬಂಡಿಗೆ ಹೂಡುವದಿಲ್ಲ. ಮೊದಲು ಪಳಗಿದ ಎತ್ತಿನ ಜೋಡಿ ಬರಿಯ ನೊಗ ಹೊರಿಸಿ ನಡಿಸುತ್ತಾರೆ, ತರುವಾಯ ಹಗುರವಾದ ಕುಂಟೆಗೆ ಕಟ್ಟುತ್ತಾರೆ, ಕಡೆಗೆ ರೆಂಟೆಗೆ ಹೂಡುತ್ತಾರೆ. ಆದರೆ ಎಂದೂ ನೊಗ ಕಾಣದ ಹೋರಿಯು ಹಾದುಹೋಗುವವರನ್ನು ಇರಿಯುವದು. ದನದ ವಿಷಯದಲ್ಲಿ ಇಷ್ಟು ವಿವೇಕವುಳ್ಳ ನಾವು ಮಕ್ಕಳ ವಿಷಯದಲ್ಲಿ ಅದನ್ನು ಮರೆಯಬಹುದೋ?

2. ಹೊತ್ತಿಗೆ ಮುಂಚೆ ಬೀಳುವ ಹೊರೆ

ಹತ್ತಿ ಬಿಡಿಸುವ ಕಾಲವೂ ತೊಗರಿಯ ರಾಶಿಯ ಕಾಲವೂ ಶಾಲೆಯು ನಡೆಯುವ ತಿಂಗಳುಗಳಲ್ಲಿಯೇ ಬರುತ್ತವೆ. ಸುಗ್ಗಿ ತೀರಿದ ಮೇಲೆ ಅನೇಕ ಕುಟುಂಬಗಳು ಕೂಲಿಗಾಗಿ ಪುಣೆಗೂ ಮುಂಬಯಿಗೂ ಹೈದರಾಬಾದಿಗೂ ಹೋಗುತ್ತವೆ. ಆಗ ಹತ್ತು ವರುಷದ ಹುಡುಗಿಯು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅಡಿಗೆಗೆ ಕೂಡುತ್ತಾಳೆ. ಪಾಟೀಚೀಲವು ಗೂಟದಲ್ಲಿ ಉಳಿಯುತ್ತದೆ. ಬಡತನದ ಕಷ್ಟ ನಮಗೆ ತಿಳಿಯದ್ದಲ್ಲ. ಆದರೂ ಒಂದು ಸುಗ್ಗಿಯಲ್ಲಿ ಬಿಟ್ಟ ಶಾಲೆಗೆ ಮಗುವು ತಿರಿಗಿ ಸೇರುವದು ಬಹು ಕಷ್ಟ. ಅಜ್ಜಿಯ ಬಳಿಯಲ್ಲಾಗಲಿ ವಸತಿನಿಲಯದಲ್ಲಾಗಲಿ ಮಗುವನ್ನು ಇರಿಸಿ ಹೋಗುವ ತಂದೆಯು ಒಂದು ಕೂಲಿಯನ್ನು ಕಳಕೊಂಡರೂ ಒಂದು ಬಾಳನ್ನು ಉಳಿಸಿಕೊಳ್ಳುವನು.

ದೇಶದ ಕಾಯಿದೆಯೂ ಹೀಗೆಯೇ ಹೇಳುತ್ತದೆ. 2009ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ 6ರಿಂದ 14 ವರುಷದ ಪ್ರತಿ ಮಗುವಿಗೂ ಉಚಿತವಾದ ವಿದ್ಯೆ ದೊರೆಯಬೇಕು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆಯ ಪ್ರಕಾರ 14 ವರುಷ ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು. ಶಾಲೆ ಬಿಟ್ಟ ಹೊತ್ತಿನಲ್ಲಿ ಅಥವಾ ರಜೆಯಲ್ಲಿ ಅಪಾಯವಿಲ್ಲದ ಮನೆಗೆಲಸಕ್ಕೆ ನೆರವಾಗುವದಕ್ಕೆ ಅಡ್ಡಿಯಿಲ್ಲ.

ಹೊರೆಗಳಲ್ಲೆಲ್ಲಾ ಭಾರವಾದದ್ದು ಬಾಲ್ಯವಿವಾಹ. 1872ರ ಕ್ರೈಸ್ತ ವಿವಾಹ ಕಾಯಿದೆಯಲ್ಲಿ ಭಾರತೀಯ ಕ್ರೈಸ್ತರಿಗಾಗಿ ಇಟ್ಟ ನಿಬಂಧನೆಯು ಮೊದಲು ಹುಡುಗಿಗೆ 13, ಹುಡುಗನಿಗೆ 16 ದಾಟಿದರೆ ಸಾಕೆಂದಿತ್ತು. 1978ರಲ್ಲಿ ಅದು 18 ಮತ್ತು 21 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯೂ ಇದೇ ವಯಸ್ಸನ್ನು ಎಲ್ಲಾ ಮತದವರಿಗೂ ಇಟ್ಟಿತು. ಕರ್ನಾಟಕವು ಅದಕ್ಕೆ ಮಾಡಿದ 2016ರ ತಿದ್ದುಪಡಿಯಿಂದ ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವಾಗಿದೆ. ಇಂಥದು ನಡೆಯುವದೆಂದು ತಿಳಿದವರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು. ಹದಿನೈದರ ಹುಡುಗಿಗೆ ಅಡಿಗೆ, ನೀರು, ಬಸುರು, ಬಾಣಂತನ ಇವೆಲ್ಲಾ ಬರುತ್ತವೆ. ಆದರೆ ಆ ಮನೆಯಲ್ಲಿ ಒಂದು ಮಾತು ಆಡುವ ಅಧಿಕಾರ ಬರುವದಿಲ್ಲ.

3. ಹೊತ್ತು ಮೀರಿದರೂ ಹೊರದ ಹೆಗಲು

ಇದಕ್ಕೆ ಎದುರಾದ ತಪ್ಪೊಂದುಂಟು. ಕೆಲವು ಮನೆಗಳಲ್ಲಿ ಎಂಟು ವರುಷದ ಮಗಳು ಕೊಡ ಹೊರುತ್ತಾಳೆ. ಇಪ್ಪತ್ತು ವರುಷದ ಅವಳ ಅಣ್ಣನು ತಾನು ಉಂಡ ತಾಟನ್ನೂ ಎತ್ತುವದಿಲ್ಲ. ತಂದೆಯ ಸಾಲವೆಷ್ಟೆಂದು ಅವನಿಗೆ ತಿಳಿಯದು, ಆದರೆ ಮೋಟಾರ್ ಸೈಕಲ್ ಬೇಕೆಂದು ಹಟಮಾಡುತ್ತಾನೆ. ಮಗಳಿಗೆ ಅಧಿಕಾರವಿಲ್ಲದ ಹೊರೆ, ಮಗನಿಗೆ ಹೊರೆಯಿಲ್ಲದ ಅಧಿಕಾರ! ಮೊದಲನೆಯದು ದಾಸತ್ವ, ಎರಡನೆಯದು ಪುಂಡತನ. ಹೊರೆಯೂ ಅಧಿಕಾರವೂ ಜೋಡೆತ್ತುಗಳಂತೆ ಒಟ್ಟಿಗೆ ನಡೆಯಬೇಕು. ಒಂದು ಮುಂದಾಗಿ ಒಂದು ಹಿಂದುಳಿದರೆ ಸಾಲು ನೆಟ್ಟಗಾಗದು.

4. ಮೆಟ್ಟಲು ಮೆಟ್ಟಲಾಗಿ ಏರಿಸುವದು

ಬಾಧ್ಯಸ್ಥನಾದ ಮಗನು ಸಹ ಬಾಲಕನಾಗಿರುವ ತನಕ ಪಾಲಕರ ಕೈಕೆಳಗೆ ಇರುವನೆಂದೂ, ಅದಕ್ಕೆ ತಂದೆಯು ಒಂದು ಕಾಲವನ್ನು ನೇಮಿಸುವನೆಂದೂ ಪೌಲನು ಗಲಾತ್ಯದವರಿಗೆ ತೋರಿಸಿದನು. ನಮ್ಮ ಕರ್ತನು 12 ವರುಷದವನಾಗಿದ್ದಾಗ ದೇವಾಲಯದಲ್ಲಿ ಬೋಧಕರೊಂದಿಗೆ ಮಾತಾಡಬಲ್ಲವನಾಗಿದ್ದರೂ ತಾಯಿತಂದೆಗಳ ಸಂಗಡ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಸೇವೆಯನ್ನು ಆರಂಭಿಸಿದ್ದು ಸುಮಾರು 30ನೆಯ ವರುಷದಲ್ಲಿ. ಬೆಳೆಯುವದಕ್ಕೆ ಹಿಡಿಯುವ ಕಾಲವು ವ್ಯರ್ಥವಾದ ಕಾಲವಲ್ಲ.

ಆದಕಾರಣ ಮನೆಯಲ್ಲಿ ಹೀಗೆ ಮಾಡಬಹುದು. ಆರು ವರುಷದ ಮಗುವು ತನ್ನ ಪುಸ್ತಕ, ಬಟ್ಟೆಗಳನ್ನು ತಾನೇ ಇಟ್ಟುಕೊಳ್ಳಲಿ. ಹತ್ತು ವರುಷದಲ್ಲಿ, ಶಾಲೆ ಬಿಟ್ಟ ಮೇಲೆ, ಎರಡು ಕೋಳಿಗಳ ಲಕ್ಷ್ಯ ಅದಕ್ಕಿರಲಿ; ಮೊಟ್ಟೆ ಮಾರಿದ ಹಣದಲ್ಲಿ ಏನು ಕೊಳ್ಳಬೇಕೆಂಬ ಮಾತೂ ಅದರದೇ ಆಗಲಿ. ಹದಿಮೂರರಲ್ಲಿ ಕಿರಾಣಿ ಅಂಗಡಿಯ ಲೆಕ್ಕವನ್ನು ಬರೆಯಲಿ. ಹದಿನಾರರಲ್ಲಿ ತೊಗರಿ ಮಾರಿದ ಚೀಟಿಯನ್ನೂ ಸಾಲದ ಕಾಗದವನ್ನೂ ಮಗನಿಗೂ ಮಗಳಿಗೂ ತೋರಿಸಿ ಆಲೋಚನೆ ಕೇಳಿರಿ. 18 ತುಂಬಿದಾಗ ಕಾಯಿದೆಯು ಅವರನ್ನು ಪ್ರಾಯಸ್ಥರೆಂದು ಎಣಿಸುತ್ತದೆ. 1989ರಿಂದ ಮತದಾನವೂ ಆ ವಯಸ್ಸಿಗೇ ದೊರೆಯುತ್ತದೆ. ಆ ದಿನವು ಸಿದ್ಧತೆಯಿಲ್ಲದವರ ಮೇಲೆ ಬೀಳದಿರಲಿ.

ಮಗುವು ತಪ್ಪಿದರೆ ಕೆಲಸವನ್ನು ಕಸುಕೊಳ್ಳಬೇಡಿರಿ. ಕೊಡ ಒಡೆದವನು ಮರುದಿನವೂ ನೀರಿಗೆ ಹೋಗಲಿ; ಆಗಲೇ ಜಾಗರೂಕತೆ ಬರುವದು.

ಪ್ರಾಯಕ್ಕೆ ಬಂದವರ ಸ್ವಾತಂತ್ರ್ಯವು ಹೋಗುವದಿಲ್ಲ, ರೂಪ ಬದಲಾಗುತ್ತದೆ. ಮಗುವಿಗೋಸ್ಕರ ಬೇರೊಬ್ಬರು ಹೊರುತ್ತಾರೆ, ಆದ್ದರಿಂದ ಅದಕ್ಕೆ ಬಿಡುವು. ದೊಡ್ಡವರು ತಾವೇ ಆರಿಸಿ, ಆರಿಸಿದ್ದಕ್ಕೆ ತಾವೇ ಉತ್ತರ ಕೊಡುತ್ತಾರೆ; ಅವರ ಬಿಡುಗಡೆ ಅದೇ.

ಮನೆಯಲ್ಲಿ ಕೂತು ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮಕ್ಕಳಲ್ಲಿ ಯಾರ ಹೆಗಲ ಮೇಲೆ ವಯಸ್ಸಿಗೆ ಮೀರಿದ ಹೊರೆ ಉಂಟು?
2. ಹೊರಬಲ್ಲವನಾಗಿಯೂ ಹೊರದವನು ಯಾರು?
3. ಮಗಳಿಗೆ ಕೊಟ್ಟ ಕೆಲಸಕ್ಕೆ ತಕ್ಕ ಮಾತಿನ ಅಧಿಕಾರವನ್ನೂ ಕೊಟ್ಟಿದ್ದೇವೋ?
4. ಈ ಸುಗ್ಗಿಯಲ್ಲಿ ಸಭೆಯ ಯಾವ ಮಗುವನ್ನು ಶಾಲೆಯಲ್ಲಿ ಉಳಿಸುವದಕ್ಕೆ ನಾವು ನೆರವಾಗಬಹುದು?